ಹಂದಿಯ ಎಳೆಯ ಭ್ರೂಣದ ಆಕರ ಕೋಶಗಳು

ಬಳ್ಳಾರಿ ನಗರದ ಹೊರವಲಯದಲ್ಲಿ, ಕುರುಗೋಡು ಮತ್ತು ಸಿರುಗುಪ್ಪ ಭಾಗದ ಹಳ್ಳಿಗಳಲ್ಲಿ ಹಂದಿ ಸಾಕಿ ಜೀವನ ನಡೆಸುವ ಕುಟುಂಬಗಳಿವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ದೊರೆಯುವ ತೌಡು ಮತ್ತು ನುಚ್ಚು, ಬಳ್ಳಾರಿಯ ಹೋಟೆಲುಗಳಲ್ಲಿ ಮಿಕ್ಕ ಆಹಾರ, ಹೊಲದ ಮೆಕ್ಕೆಜೋಳ ಇವೆಲ್ಲ ಹಂದಿಯ ಹೊಟ್ಟೆ ಸೇರಿ ಮಾಂಸವಾಗುತ್ತವೆ. ಹೆಣ್ಣು ಹಂದಿಯ ಗರ್ಭಾವಧಿ ಸುಮಾರು 114 ದಿನ ಮಾತ್ರ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಎರಡು ಸೂಲು ಪಡೆಯಬಹುದು. ಆದುದರಿಂದ ಒಂದು ಸೂಲು ತಪ್ಪಿದರೆ ಆ ಕುಟುಂಬದ ಅರ್ಧ ವರ್ಷದ ಲೆಕ್ಕವೇ ಏರುಪೇರಾಗುತ್ತದೆ.

ಇಂತಹ ಒಂದು ಮನೆಯಲ್ಲಿ ಎರಡು ಹೆಣ್ಣು ಹಂದಿಗಳಿವೆ ಎಂದಿಟ್ಟುಕೊಳ್ಳಬಹುದು. ಎರಡನ್ನೂ ಒಂದೇ ವಾರದಲ್ಲಿ ಒಂದೇ ಗಂಡಿಗೆ ಕೂಡಿಸಲಾಗಿದೆ. ಮೊದಲನೆಯದು 21ನೆಯ ದಿನ ಮತ್ತೆ ಬೆದೆಗೆ ಬಂದಿತು. ಎರಡನೆಯದು ಆ ದಿನ ದಾಟಿದರೂ ಬೆದೆಗೆ ಬರಲಿಲ್ಲ. ಗರ್ಭ ನಿಂತಿತೆಂದು ಮನೆಯವರು ಸಮಾಧಾನಪಟ್ಟುಕೊಂಡರು. ಆದರೆ 29ನೆಯ ದಿನ ಅದೂ ಬೆದೆಗೆ ಬಂದಿತು. ದೋಷವೆಲ್ಲ ಗಂಡಿನದೇ ಎಂದು ತಿಳಿದು ಅದನ್ನು ಮಾರಿಬಿಡಲು ಮನೆಯವರು ಮುಂದಾದರು. ಇದು ಸರಿಯಾದ ತೀರ್ಮಾನವೇ?

ಇದಕ್ಕೆ ಉತ್ತರ ಗರ್ಭದ ಮೊದಲ ಹದಿನೈದು ಇಪ್ಪತ್ತು ದಿನಗಳಲ್ಲಿದೆ. ವಿಜ್ಞಾನಿಗಳು ಹಂದಿಯ ಭ್ರೂಣದಿಂದ ಆಕರ ಕೋಶಗಳನ್ನು ಬೇರ್ಪಡಿಸಿ ಬೆಳೆಸಲು ನಾಲ್ಕು ದಶಕಗಳ ಕಾಲ ಶ್ರಮಿಸಿದ್ದೂ ಇದೇ ದಿನಗಳ ಭ್ರೂಣವನ್ನು ಹಿಡಿದುಕೊಂಡೇ. ಅವರಿಗೆ ಕೊನೆಗೆ ತಿಳಿದುಬಂದ ಸಂಗತಿ ಸರಳವಾದುದು: ಹಂದಿಯ ಭ್ರೂಣಕ್ಕೆ ತನ್ನದೇ ಆದ ದಿನಚರಿಯುಂಟು, ಅದನ್ನು ಅರಿಯದೆ ಮಾಡಿದ ಕೆಲಸ ಕೈಗೂಡುವುದಿಲ್ಲ. ಪ್ರಯೋಗಶಾಲೆಗೆ ಅನ್ವಯಿಸುವ ಈ ಮಾತು ಹಂದಿ ಮನೆಗೂ ಅನ್ವಯಿಸುತ್ತದೆ.

ಆಕರ ಕೋಶ ಎಂದರೇನು?

ಪ್ರಾಣಿಯ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಚರ್ಮದ ಕೋಶ ಚರ್ಮದ ಕೆಲಸ ಮಾಡುತ್ತದೆ, ಸ್ನಾಯುವಿನ ಕೋಶ ಸ್ನಾಯುವಿನ ಕೆಲಸ ಮಾಡುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಆದರೆ ಎಲ್ಲ ಕೋಶಗಳೂ ಹುಟ್ಟುವುದು ಫಲಿತವಾದ ಒಂದೇ ಒಂದು ಅಂಡಾಣುವಿನಿಂದ. ಈ ಅಂಡಾಣು ಒಡೆದು ಎರಡು, ನಾಲ್ಕು, ಎಂಟು ಕೋಶಗಳಾಗಿ ಬೆಳೆಯುವಾಗ, ಮುಂದೆ ಯಾವ ಅಂಗವಾಗಬೇಕೆಂಬುದು ಇನ್ನೂ ನಿಶ್ಚಯವಾಗದ ಕೋಶಗಳು ಕೆಲವು ದಿನಗಳ ಮಟ್ಟಿಗೆ ಇರುತ್ತವೆ. ಇವು ಚರ್ಮವೂ ಆಗಬಲ್ಲವು, ರಕ್ತವೂ ಆಗಬಲ್ಲವು, ನರವೂ ಆಗಬಲ್ಲವು. ಇಂತಹ ಕೋಶಗಳನ್ನು ಭ್ರೂಣದಿಂದ ತೆಗೆದು, ಅದೇ ಸ್ಥಿತಿಯಲ್ಲಿ ತಟ್ಟೆಯಲ್ಲಿ ಬೆಳೆಸಿದಾಗ ಅವುಗಳನ್ನು ಭ್ರೂಣದ ಆಕರ ಕೋಶಗಳು ಎನ್ನುತ್ತಾರೆ. ಸ್ಟೆಮ್ ಸೆಲ್ ಎಂಬ ಹೆಸರಿನಿಂದಲೂ ಇವು ಪರಿಚಿತವಾಗಿವೆ.

ಆಕರ ಕೋಶಕ್ಕೆ ಎರಡು ಲಕ್ಷಣಗಳಿರಬೇಕು. ಒಂದು, ತನ್ನಂತಹದೇ ಕೋಶಗಳನ್ನು ಎಷ್ಟು ಕಾಲ ಬೇಕಾದರೂ ಹುಟ್ಟಿಸುತ್ತಿರಬೇಕು. ಎರಡು, ಸೂಚನೆ ಸಿಕ್ಕಾಗ ದೇಹದ ಯಾವುದೇ ಬಗೆಯ ಕೋಶವಾಗಿ ಮಾರ್ಪಡಬೇಕು. ಮೊದಲನೆಯದು ಮಾತ್ರ ಇದ್ದರೆ ಸಾಲದು, ಎರಡನೆಯದು ಮಾತ್ರ ಇದ್ದರೂ ಸಾಲದು.

ಹಂದಿ ಭ್ರೂಣದ ದಿನಚರಿ

ಆಕರ ಕೋಶಗಳನ್ನು ಯಾವಾಗ, ಎಲ್ಲಿಂದ ತೆಗೆಯಬೇಕೆಂದು ತಿಳಿಯಲು ಭ್ರೂಣದ ಬೆಳವಣಿಗೆಯನ್ನು ದಿನವಾರು ತಿಳಿಯುವುದು ಅವಶ್ಯಕ.

ಅಂಡ ಬಿಡುಗಡೆಯ ದಿನ: ಹೆಣ್ಣು ಹಂದಿಯ ಅಂಡಾಶಯಗಳಿಂದ ಒಂದು ಬೆದೆಯಲ್ಲಿ ಸಾಮಾನ್ಯವಾಗಿ 10 ರಿಂದ 20 ಅಂಡಾಣುಗಳು ಹೊರಬರುತ್ತವೆ. ಇವು ಅಂಡನಾಳದಲ್ಲಿ ವೀರ್ಯಾಣುವಿನೊಡನೆ ಸೇರಿ ಫಲಿತವಾಗುತ್ತವೆ.

1 ರಿಂದ 2ನೆಯ ದಿನ: ಫಲಿತ ಅಂಡಾಣು ಎರಡಾಗಿ, ನಂತರ ನಾಲ್ಕಾಗಿ ಒಡೆಯುತ್ತದೆ. ಅಲ್ಲಿಯವರೆಗೆ ತಾಯಿ ಅಂಡಾಣುವಿನಲ್ಲಿ ಕೂಡಿಟ್ಟ ಸರಕಿನಿಂದಲೇ ಕೆಲಸ ನಡೆಯುತ್ತದೆ. ನಾಲ್ಕು ಕೋಶಗಳ ಹಂತದಲ್ಲಿ ಭ್ರೂಣದ ಸ್ವಂತ ವಂಶವಾಹಿಗಳು ಕೆಲಸ ಆರಂಭಿಸುತ್ತವೆ. ಇದೇ ಹೊತ್ತಿಗೆ ಭ್ರೂಣ ಅಂಡನಾಳವನ್ನು ಬಿಟ್ಟು ಗರ್ಭಕೋಶಕ್ಕೆ ಇಳಿಯುತ್ತದೆ.

5 ರಿಂದ 6ನೆಯ ದಿನ: ಭ್ರೂಣ ಒಳಗೆ ದ್ರವ ತುಂಬಿದ ಗುಳ್ಳೆಯಂತಾಗುತ್ತದೆ. ಇದಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಇದರ ಹೊರಪದರ ಮುಂದೆ ಮಾಸಿನ ಭಾಗವಾಗುತ್ತದೆ. ಒಳಗೆ ಒಂದು ಮಗ್ಗುಲಲ್ಲಿ ಅಂಟಿಕೊಂಡಿರುವ ಸಣ್ಣ ಕೋಶ ಮುದ್ದೆಯಿಂದ ಮರಿಯ ದೇಹ ರೂಪುಗೊಳ್ಳುತ್ತದೆ. ಆಕರ ಕೋಶಗಳು ಸಿಗುವುದು ಈ ಒಳಮುದ್ದೆಯಿಂದ.

6 ರಿಂದ 7ನೆಯ ದಿನ: ಅಂಡಾಣುವಿನ ಸುತ್ತ ಇದ್ದ ಪೊರೆಯನ್ನು ಒಡೆದುಕೊಂಡು ಭ್ರೂಣ ಹೊರಬರುತ್ತದೆ.

7 ರಿಂದ 12ನೆಯ ದಿನ: ಭ್ರೂಣಗಳು ಗರ್ಭಕೋಶದ ಎರಡು ಕೊಂಬುಗಳಲ್ಲಿ ತೇಲುತ್ತಾ ಸಾಗಿ ತಮ್ಮ ನಡುವೆ ಅಂತರ ಮಾಡಿಕೊಳ್ಳುತ್ತವೆ. ಒಂದು ಕೊಂಬಿನಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಭತ್ತದ ನಾಟಿಯಲ್ಲಿ ಸಸಿಯಿಂದ ಸಸಿಗೆ ಅಂತರ ಬಿಡುವಂತೆಯೇ ಇದು. ಹತ್ತನೆಯ ದಿನದ ಹೊತ್ತಿಗೆ ಭ್ರೂಣ ಕೆಲವು ಮಿಲಿಮೀಟರು ಅಗಲದ ದುಂಡನೆಯ ಗುಳ್ಳೆಯಾಗಿದ್ದು, ಅದರ ಒಳಮುದ್ದೆ ಚಪ್ಪಟೆಯಾದ ಬಿಲ್ಲೆಯಾಗಿ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

11 ರಿಂದ 12ನೆಯ ದಿನ: ಸುಮಾರು 10 ಮಿಲಿಮೀಟರಿನ ಗುಂಡು ಕೆಲವೇ ಗಂಟೆಗಳಲ್ಲಿ ಉದ್ದವಾದ ದಾರದಂತೆ ಎಳೆದುಕೊಳ್ಳುತ್ತದೆ. ಆಗ ಭ್ರೂಣ ಈಸ್ಟ್ರೊಜನ್ ಎಂಬ ಚೋದಕವನ್ನು ಸ್ರವಿಸುತ್ತದೆ. ತಾಯಿಯ ದೇಹಕ್ಕೆ ಗರ್ಭ ನಿಂತಿರುವ ಸುದ್ದಿ ಮುಟ್ಟುವುದು ಈ ಸಂಕೇತದಿಂದ. ಈ ವೇಳೆಗೆ ಗರ್ಭಕೋಶದಲ್ಲಿ ಕನಿಷ್ಠ ನಾಲ್ಕು ಭ್ರೂಣಗಳಾದರೂ ಜೀವಂತವಾಗಿರಬೇಕು. ಇಲ್ಲವಾದರೆ ಸಂಕೇತ ಸಾಲದೆ ಸಾಮಾನ್ಯವಾಗಿ ಗರ್ಭ ನಿಲ್ಲುವುದಿಲ್ಲ.

13 ರಿಂದ 18ನೆಯ ದಿನ: ದಾರದಂತಹ ಭ್ರೂಣ ಗರ್ಭಕೋಶದ ಒಳಗೋಡೆಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ.

ಈ ಪಟ್ಟಿಯನ್ನು ಇಲಿಯ ದಿನಚರಿಯೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಯೋಗಶಾಲೆಯ ಬಿಳಿ ಇಲಿಮರಿ ಸುಮಾರು 20 ದಿನಗಳಲ್ಲೇ ಹುಟ್ಟುತ್ತದೆ. ಅದರ ಭ್ರೂಣ ನಾಲ್ಕೈದನೆಯ ದಿನಕ್ಕೇ ಗರ್ಭಕೋಶದ ಗೋಡೆಯೊಳಗೆ ಹುದುಗಿಕೊಳ್ಳುತ್ತದೆ. ಹಂದಿಯ ಭ್ರೂಣ ಅದಕ್ಕಿಂತ ಎಷ್ಟೋ ದಿನ ಹೆಚ್ಚಾಗಿ ಗರ್ಭಕೋಶದಲ್ಲಿ ತೇಲುತ್ತಲೇ ಇರುತ್ತದೆ.

ಕೋಶಗಳನ್ನು ತೆಗೆದು ಬೆಳೆಸುವ ಕ್ರಮ

ಈ ಕೆಲಸವನ್ನು ಸಸಿ ಮಡಿ ಮಾಡಿ ನಾಟಿ ಮಾಡುವ ಕೆಲಸಕ್ಕೆ ಹೋಲಿಸಬಹುದು. ಮುಖ್ಯ ಹಂತಗಳು ಹೀಗಿವೆ.

1. ಭ್ರೂಣ ಸಂಗ್ರಹ: ಕೂಡಿಸಿದ ಹೆಣ್ಣು ಹಂದಿಯ ಗರ್ಭಕೋಶವನ್ನು ತೊಳೆದು ಭ್ರೂಣಗಳನ್ನು ಪಡೆಯಬಹುದು. ಇಲ್ಲವೇ ಕಸಾಯಿಖಾನೆಯಿಂದ ತಂದ ಅಂಡಾಶಯಗಳಿಂದ ಅಂಡಾಣುಗಳನ್ನು ಹೀರಿ ತೆಗೆದು, ಸುಮಾರು 44 ಗಂಟೆಗಳ ಕಾಲ ಪಕ್ವಗೊಳಿಸಿ, ಗಾಜಿನ ತಟ್ಟೆಯಲ್ಲಿ ಫಲಿತಗೊಳಿಸಬಹುದು. ಹಂದಿಯಲ್ಲಿ ಇದಕ್ಕೊಂದು ತೊಡಕಿದೆ. ತಟ್ಟೆಯಲ್ಲಿ ಒಂದೇ ಅಂಡಾಣುವಿನೊಳಕ್ಕೆ ಹಲವು ವೀರ್ಯಾಣುಗಳು ನುಗ್ಗುವುದು ಸಾಮಾನ್ಯ. ಅಂತಹ ಭ್ರೂಣ ಸರಿಯಾಗಿ ಬೆಳೆಯುವುದಿಲ್ಲ.

2. ಒಳಮುದ್ದೆಯ ಬೇರ್ಪಡಿಕೆ: ಸೂಕ್ಷ್ಮದರ್ಶಕದ ಕೆಳಗೆ ಭ್ರೂಣದ ಹೊರಪದರವನ್ನು ತೆಗೆದುಹಾಕಿ ಒಳಮುದ್ದೆಯನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಹೊರಪದರದ ಕೋಶಗಳು ಉಳಿದರೆ ಅವು ಕಳೆಯಂತೆ ವೇಗವಾಗಿ ಬೆಳೆದು ಬೇಕಾದ ಕೋಶಗಳನ್ನು ಮುಚ್ಚಿಬಿಡುತ್ತವೆ.

3. ದಾದಿ ಕೋಶಗಳ ಹಾಸು: ಒಳಮುದ್ದೆಯನ್ನು ಬರಿಯ ತಟ್ಟೆಯ ಮೇಲೆ ಇಟ್ಟರೆ ಸಾಮಾನ್ಯವಾಗಿ ಬದುಕುವುದಿಲ್ಲ. ಇನ್ನು ಮುಂದೆ ಒಡೆಯದಂತೆ ತಡೆಹಿಡಿದ ಬೇರೆ ಕೋಶಗಳನ್ನು ತಟ್ಟೆಯ ತಳದಲ್ಲಿ ಹಾಸಿರುತ್ತಾರೆ. ಇವು ಎಳೆಗೂಸನ್ನು ನೋಡಿಕೊಳ್ಳುವ ದಾದಿಯಂತೆ ಆಕರ ಕೋಶಗಳಿಗೆ ಪೋಷಕ ವಸ್ತುಗಳನ್ನು ಒದಗಿಸುತ್ತವೆ.

4. ಪೋಷಕ ದ್ರವ: ಸಕ್ಕರೆ, ಲವಣ, ಅಮೈನೊ ಆಮ್ಲ, ಜೀವಸತ್ವಗಳ ಜೊತೆಗೆ ಬೆಳವಣಿಗೆಯ ಸಂಕೇತ ವಸ್ತುಗಳನ್ನೂ ಇದರಲ್ಲಿ ಸೇರಿಸಲಾಗುತ್ತದೆ. ಯಾವ ಸಂಕೇತವನ್ನು ಕೊಡಬೇಕು, ಯಾವುದನ್ನು ತಡೆಯಬೇಕು ಎಂಬುದೇ ಈ ವಿದ್ಯೆಯ ತಿರುಳು. ತಟ್ಟೆಗಳನ್ನು ಹಂದಿಯ ಮೈ ಬಿಸಿಗೆ ಸಮೀಪದ ಉಷ್ಣತೆಯಲ್ಲಿ, ಇಂಗಾಲದ ಡೈ ಆಕ್ಸೈಡನ್ನು ನಿಯಂತ್ರಿಸಿದ ಪೆಟ್ಟಿಗೆಯಲ್ಲಿ ಇಡುತ್ತಾರೆ.

5. ಮರುನಾಟಿ: ಕೋಶಗಳು ಬೆಳೆದು ಗುಂಪಾದ ಮೇಲೆ, ಒತ್ತಾಗಿ ಬೆಳೆದ ಸಸಿಗಳನ್ನು ಕಿತ್ತು ಬೇರೆ ಗದ್ದೆಗೆ ನೆಡುವಂತೆ, ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಲಾಗುತ್ತದೆ. ಇದನ್ನು ಹತ್ತಾರು, ನೂರಾರು ಬಾರಿ ಮಾಡಿದರೂ ಸ್ವಭಾವ ಬದಲಾಗದಿದ್ದರೆ ಮಾತ್ರ ಅದು ಸ್ಥಿರವಾದ ಆಕರ ಕೋಶ ಸಂತತಿ.

6. ಕಾದಿರಿಸುವಿಕೆ: ಹಸುಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕದ ಪಾತ್ರೆಯಲ್ಲಿ ಇಡುವುದನ್ನು ರೈತರು ಪಶು ಆಸ್ಪತ್ರೆಗಳಲ್ಲಿ ನೋಡಿರುತ್ತಾರೆ. ಆಕರ ಕೋಶಗಳನ್ನೂ ಅದೇ ರೀತಿ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ವರ್ಷಗಟ್ಟಲೆ ಇಡಬಹುದು.

ಪರೀಕ್ಷಿಸುವ ವಿಧಾನ

ತಟ್ಟೆಯಲ್ಲಿ ಬೆಳೆದ ಕೋಶಗಳೆಲ್ಲ ಆಕರ ಕೋಶಗಳಾಗಿರುವುದಿಲ್ಲ. ನೋಡಲು ಒಂದೇ ತೆರನಾದ ಬಿತ್ತನೆ ಬೀಜದಲ್ಲಿ ಬೆರಕೆ ಇರುವಂತೆ ಇಲ್ಲಿಯೂ ಇರುತ್ತದೆ. ಆದುದರಿಂದ ಹಲವು ಪರೀಕ್ಷೆಗಳನ್ನು ಮಾಡಲಾಗುತ್ತದೆ. ಹಂದಿಯ ಕೋಶದಲ್ಲಿ 38 ವರ್ಣತಂತುಗಳಿರಬೇಕು. ಬಹಳ ಸಲ ಮರುನಾಟಿ ಮಾಡಿದ ಮೇಲೂ ಈ ಸಂಖ್ಯೆ ಕೆಡಬಾರದು. ಆಕ್ಟ್-4, ನ್ಯಾನಾಗ್, ಸಾಕ್ಸ್-2 ಎಂಬ ವಂಶವಾಹಿಗಳು ಚುರುಕಾಗಿರಬೇಕು. ಸಂಕೇತ ವಸ್ತುಗಳನ್ನು ತೆಗೆದಾಗ ಕೋಶಗಳು ದೇಹದ ಮೂರು ಮೂಲ ಪದರಗಳಿಗೆ ಸೇರಿದ ಬಗೆಬಗೆಯ ಕೋಶಗಳಾಗಿ ಮಾರ್ಪಡಬೇಕು. ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆಯಲ್ಲಿ ಈ ಕೋಶಗಳನ್ನು ಇನ್ನೊಂದು ಎಳೆಯ ಭ್ರೂಣದೊಳಗೆ ಸೇರಿಸಿ, ಅವು ಹುಟ್ಟುವ ಮರಿಯ ದೇಹದ ಭಾಗವಾಗುತ್ತವೆಯೇ ಎಂದು ನೋಡಲಾಗುತ್ತದೆ.

ಇಲಿಯ ಲೆಕ್ಕ ಹಂದಿಗೆ ಹೊಂದಲಿಲ್ಲ

ಇಲಿಯ ಭ್ರೂಣದಿಂದ ಆಕರ ಕೋಶಗಳನ್ನು ಮೊದಲು ಪಡೆದದ್ದು 1981ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಗೇಲ್ ಮಾರ್ಟಿನ್ ಬೇರೆ ಬೇರೆಯಾಗಿ ಈ ಸಾಧನೆ ಮಾಡಿದರು. ಇದರಿಂದ ಬೆಳೆದ ಇಲಿಗಳ ವಂಶವಾಹಿ ವಿದ್ಯೆಗಾಗಿ ಇವಾನ್ಸ್ ಅವರಿಗೆ 2007ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ದೊರೆಯಿತು.

ಇಲಿಯಲ್ಲಿ ಆದದ್ದು ಹಂದಿಯಲ್ಲಿ ಏಕೆ ಆಗದು ಎಂದು ಹಲವರು ಪ್ರಯತ್ನಿಸಿದರು. 1990ರಲ್ಲಿ ಇವಾನ್ಸ್ ಅವರೂ ಸೇರಿದಂತೆ ಕೆಲವು ತಂಡಗಳು ಹಂದಿಯ ಭ್ರೂಣದಿಂದ ಕೋಶಗಳನ್ನು ಬೆಳೆಸಿದ ವರದಿಗಳನ್ನು ಪ್ರಕಟಿಸಿದವು. ಆದರೆ ಆ ಕಾಲದ ಕೋಶಗಳು ಇಲಿಯ ಕೋಶಗಳಷ್ಟು ಸ್ಥಿರವಾಗಿ ನಿಲ್ಲಲಿಲ್ಲ. ಮರುನಾಟಿಗಳಾಗುತ್ತಿದ್ದಂತೆ ಕೆಲವು ನಿಂತುಹೋಗುತ್ತಿದ್ದವು, ಕೆಲವು ಬೇರೆ ಬಗೆಯ ಕೋಶಗಳಾಗಿ ಬದಲಾಗುತ್ತಿದ್ದವು. 1998ರಲ್ಲಿ ಮನುಷ್ಯನ ಆಕರ ಕೋಶಗಳನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಪಡೆದ ಮೇಲೂ ಹಂದಿಯ ಕೋಶಗಳು ಕೈಗೆ ಸಿಕ್ಕಿರಲಿಲ್ಲ.

ಇದಕ್ಕೆ ಕಾರಣವನ್ನು ಸಿರುಗುಪ್ಪದ ಭತ್ತದ ಬೆಳೆಗಾರರು ಸುಲಭವಾಗಿ ತಿಳಿಯಬಲ್ಲರು. ಅಲ್ಪಾವಧಿ ತಳಿಗೆ ಹೇಳಿದ ದಿನಗಳಲ್ಲಿ ದೀರ್ಘಾವಧಿ ತಳಿಗೆ ಮೇಲುಗೊಬ್ಬರ ಹಾಕಿದರೆ ಖರ್ಚು ಆಗುತ್ತದೆಯೇ ಹೊರತು ತೆನೆ ತುಂಬುವುದಿಲ್ಲ. ಪ್ರತಿ ತಳಿಗೂ ಅದರದೇ ವೇಳಾಪಟ್ಟಿ ಬೇಕು. ಇಲಿಯ ಕೋಶಗಳನ್ನು ಎಳೆಯ ಸ್ಥಿತಿಯಲ್ಲಿ ಹಿಡಿದಿಡಲು ಲಿಫ್ ಎಂಬ ಸಂಕೇತ ವಸ್ತು ಬೇಕು. ಹಂದಿಯ ಕೋಶಗಳು ಅದರಿಂದ ನಿಲ್ಲಲಿಲ್ಲ. ಎಫ್‌ಜಿಎಫ್ ಮತ್ತು ಆಕ್ಟಿವಿನ್ ಎಂಬ ಬೇರೆ ಸಂಕೇತಗಳು ಬೇಕೆಂದೂ, ವಿಂಟ್ ಎಂಬ ಇನ್ನೊಂದು ಸಂಕೇತವನ್ನು ತಡೆಯಬೇಕೆಂದೂ ಬಹಳ ತಡವಾಗಿ ಗೊತ್ತಾಯಿತು. ಅಲ್ಲದೆ ಹಂದಿಯ ಭ್ರೂಣ ಬಹಳ ದಿನ ತೇಲುತ್ತಿರುವುದರಿಂದ ಕೋಶ ತೆಗೆಯಲು ತಕ್ಕ ದಿನವೂ ಬೇರೆಯೇ ಆಗಿತ್ತು.

2019ರಲ್ಲಿ ಎರಡು ಬಗೆಯ ಯಶಸ್ಸು ವರದಿಯಾಯಿತು. ದಕ್ಷಿಣ ಕೊರಿಯದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ತಂಡ ನಿಖರವಾಗಿ ಗೊತ್ತುಮಾಡಿದ ಪೋಷಕ ದ್ರವದಲ್ಲಿ ಹಂದಿ ಭ್ರೂಣದ ಕೋಶಗಳನ್ನು ಉಳಿಸಿಕೊಂಡಿತು. ಪೆಂಟಾವೊ ಲಿಯು ಅವರ ತಂಡ, ಮರಿಯ ದೇಹವಾಗಿಯೂ ಮಾಸಿನ ಭಾಗವಾಗಿಯೂ ಬೆಳೆಯಬಲ್ಲ ಹಂದಿಯ ಕೋಶಗಳನ್ನು ಪಡೆಯಿತು. 2021ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಹಂದಿ, ಕುರಿ, ದನ ಈ ಮೂರರ ಭ್ರೂಣದ ಬಿಲ್ಲೆಯಿಂದಲೂ ಒಂದೇ ಬಗೆಯ ದ್ರವದಲ್ಲಿ ಆಕರ ಕೋಶಗಳನ್ನು ಬೆಳೆಸಿದರು. 2022ರಲ್ಲಿ ಚೀನಾ ಕೃಷಿ ವಿಶ್ವವಿದ್ಯಾನಿಲಯದ ತಂಡ ಸುಮಾರು ಹತ್ತು ದಿನದ ಹಂದಿ ಭ್ರೂಣದಿಂದ ಪಡೆದ ಕೋಶಗಳನ್ನು 200ಕ್ಕೂ ಹೆಚ್ಚು ಬಾರಿ ಮರುನಾಟಿ ಮಾಡಿಯೂ ಸ್ವಭಾವ ಕೆಡದಂತೆ ಉಳಿಸಿಕೊಂಡಿತು. ಇಲಿಯ ಸಾಧನೆಯಿಂದ ಇಲ್ಲಿಗೆ ನಲವತ್ತು ವರ್ಷಗಳಾಗಿದ್ದವು.

ಭಾರತದಲ್ಲಿ ನಡೆದ ಕೆಲಸ

ಕರ್ನಾಟಕದಲ್ಲಿ ಭ್ರೂಣದ ಆಕರ ಕೋಶಗಳ ಕೆಲಸಕ್ಕೆ ಬೆಂಗಳೂರು ಹೆಸರಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಚಿಕಿತ್ಸೆಗೆ ಯೋಗ್ಯವಲ್ಲವೆಂದು ಬಿಟ್ಟ ಮಾನವ ಭ್ರೂಣಗಳಿಂದ ಎರಡು ಆಕರ ಕೋಶ ಸಂತತಿಗಳನ್ನು ಪಡೆದು 2009ರಲ್ಲಿ ಪ್ರಕಟಿಸಿತು. ಇವಕ್ಕೆ ಬಿಜೆಎನ್‌ಹೆಮ್-19 ಮತ್ತು ಬಿಜೆಎನ್‌ಹೆಮ್-20 ಎಂದು ಹೆಸರು. ಕಳಪೆ ಎಂದು ಕೈಬಿಟ್ಟ ಭ್ರೂಣದಲ್ಲಿಯೂ ಬದುಕುವ ಕೋಶಗಳಿರಬಹುದೆಂದು ಈ ಕೆಲಸ ತೋರಿಸಿತು.

ಜಾನುವಾರುಗಳಲ್ಲಿ ಗಮನಾರ್ಹವಾದುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಎಮ್ಮೆಗಳ ಕೆಲಸ. ಎಮ್ಮೆಯ ಭ್ರೂಣದ ಆಕರ ಕೋಶವನ್ನು ಬಳಸಿ ತದ್ರೂಪಿ ವಿಧಾನದಿಂದ ಪಡೆದ ಗರಿಮಾ-2 ಎಂಬ ಹೆಣ್ಣು ಕರು 2010ರ ಆಗಸ್ಟ್ 22ರಂದು ಜನಿಸಿತು. ಅದು ಬೆಳೆದು 2013ರ ಜನವರಿಯಲ್ಲಿ ಮಹಿಮಾ ಎಂಬ ಕರುವಿಗೆ ಜನ್ಮ ನೀಡಿತು.

ರೈತರಿಗೆ ಇದರಿಂದ ಏನು ಪ್ರಯೋಜನ?

ಮೊದಲನೆಯದು ರೋಗಗಳ ಅಧ್ಯಯನ. ಹಂದಿಯ ಹಲವು ವೈರಸ್‌ಗಳು ರಕ್ಷಣೆಗೆಂದೇ ಇರುವ ಭಕ್ಷಕ ಕೋಶಗಳೊಳಗೆ ಹೊಕ್ಕು ಬೆಳೆಯುತ್ತವೆ. ಹಿಂದೆ ಪ್ರತಿ ಪ್ರಯೋಗಕ್ಕೂ ಹಂದಿಗಳಿಂದ ಹೊಸದಾಗಿ ಇಂತಹ ಕೋಶಗಳನ್ನು ತೆಗೆಯಬೇಕಾಗುತ್ತಿತ್ತು. 2022ರಲ್ಲಿ ಸ್ಕಾಟ್‌ಲೆಂಡಿನ ರೋಸ್ಲಿನ್ ಸಂಸ್ಥೆಯವರು ಹಂದಿಯ ಆಕರ ಕೋಶಗಳಿಂದಲೇ ಭಕ್ಷಕ ಕೋಶಗಳನ್ನು ಬೆಳೆಸಿ ತೋರಿಸಿದರು. ಗರ್ಭಪಾತ ಮತ್ತು ಉಸಿರಾಟದ ತೊಂದರೆ ಉಂಟುಮಾಡುವ ಪಿಆರ್‌ಆರ್‌ಎಸ್ ರೋಗದ ವೈರಸ್ ಇವುಗಳೊಳಗೆ ಹೇಗೆ ಹೊಗುತ್ತದೆಂದು ತಟ್ಟೆಯಲ್ಲೇ ನೋಡಲು ಸಾಧ್ಯವಾಯಿತು. ಹೀಗೆ ಯಾವ ವಂಶವಾಹಿಯನ್ನು ತಿದ್ದಿದರೆ ರೋಗ ತಡೆಯಬಹುದೆಂದು ಮೊದಲು ಕೋಶದಲ್ಲಿ ಪರೀಕ್ಷಿಸಿ, ಆಮೇಲೆ ಹಂದಿಯಲ್ಲಿ ಪ್ರಯತ್ನಿಸಬಹುದು.

ಎರಡನೆಯದು ತಳಿಗಳ ರಕ್ಷಣೆ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 1 ಕೋಟಿ 3 ಲಕ್ಷ ಇದ್ದ ಹಂದಿಗಳು 2019ರ ಗಣತಿಗೆ ಸುಮಾರು 90 ಲಕ್ಷಕ್ಕೆ ಇಳಿದವು. ಹಂದಿಯ ವೀರ್ಯ ಹೆಪ್ಪುಗಟ್ಟಿಸಿದಾಗ ದನದ ವೀರ್ಯದಷ್ಟು ಚೆನ್ನಾಗಿ ಉಳಿಯುವುದಿಲ್ಲ. ಭ್ರೂಣದಲ್ಲಿ ಕೊಬ್ಬು ಹೆಚ್ಚಾಗಿರುವುದರಿಂದ ಅದನ್ನೂ ಹಾಗೆ ಇಡುವುದು ಕಷ್ಟ. ನಾಡು ಹಂದಿಗಳ ಗುಣಗಳನ್ನು ಕಾದಿರಿಸಲು ಆಕರ ಕೋಶಗಳು ಮುಂದೆ ಇನ್ನೊಂದು ದಾರಿಯಾಗಬಹುದು.

ಮೂರನೆಯದಾಗಿ, ಹಂದಿಯ ಅಂಗಗಳು ಮನುಷ್ಯನ ಅಂಗಗಳ ಗಾತ್ರಕ್ಕೆ ಸಮೀಪವಿರುವುದರಿಂದ ವೈದ್ಯ ವಿಜ್ಞಾನದಲ್ಲೂ ಈ ಕೋಶಗಳಿಗೆ ಬೆಲೆ ಇದೆ. ಕೋಶಗಳಿಂದ ಮಾಂಸದಂತಹ ಪದಾರ್ಥವನ್ನು ಬೆಳೆಸುವ ಪ್ರಯೋಗಗಳೂ ನಡೆದಿವೆ.

ಇವೆಲ್ಲ ಪ್ರಯೋಗಶಾಲೆಯ ಕೆಲಸಗಳು. ಹಂದಿಗೆ ಹಾಕಿದರೆ ಮರಿಗಳ ಸಂಖ್ಯೆ ಹೆಚ್ಚುತ್ತದೆ, ರೋಗ ಬರುವುದಿಲ್ಲ ಎಂದು ಆಕರ ಕೋಶದ ಹೆಸರಿನಲ್ಲಿ ಯಾರಾದರೂ ಪುಡಿ, ಚುಚ್ಚುಮದ್ದು ಮಾರಲು ಬಂದರೆ ರೈತರು ಹಣ ಕೊಡಬಾರದು. ಆದರೆ ಈ ಅಧ್ಯಯನಗಳಿಗೆ ಆಧಾರವಾದ ಭ್ರೂಣದ ದಿನಚರಿಯ ತಿಳಿವಳಿಕೆಯನ್ನು ಖರ್ಚಿಲ್ಲದೆ ಇಂದೇ ಬಳಸಿಕೊಳ್ಳಬಹುದು.

ಎರಡು ಹಂದಿಗಳ ಲೆಕ್ಕ

ಈಗ ಆರಂಭದಲ್ಲಿ ಹೇಳಿದ ಎರಡು ಹಂದಿಗಳ ವಿಷಯಕ್ಕೆ ಬರಬಹುದು. 18 ರಿಂದ 24 ದಿನಗಳ ಒಳಗೆ ಮತ್ತೆ ಬೆದೆಗೆ ಬಂದರೆ, ಅಂಡಾಣುಗಳು ಫಲಿತವಾಗಲೇ ಇಲ್ಲ ಅಥವಾ 12ನೆಯ ದಿನಕ್ಕೆ ಮೊದಲೇ ಭ್ರೂಣಗಳು ಸತ್ತವು ಎಂದು ತಿಳಿಯಬೇಕು. ತಾಯಿಗೆ ಸಂಕೇತ ಮುಟ್ಟದೆ ಬೆದೆಯ ಚಕ್ರ ಎಂದಿನಂತೆ ತಿರುಗಿತು. ಮೊದಲನೆಯ ಹಂದಿಯಲ್ಲಿ ಆದದ್ದು ಇದು. ಸುಮಾರು 25 ರಿಂದ 38 ದಿನಗಳ ನಡುವೆ ಬೆದೆಗೆ ಬಂದರೆ, ಗರ್ಭ ನಿಂತಿತ್ತು, ಸಂಕೇತವೂ ಮುಟ್ಟಿತ್ತು, ಆಮೇಲೆ ಭ್ರೂಣಗಳು ಸತ್ತವು ಎಂದು ತಿಳಿಯಬೇಕು. ಎರಡನೆಯ ಹಂದಿಯಲ್ಲಿ ಆದದ್ದು ಇದು. ಎಂದರೆ ಗಂಡು ತನ್ನ ಕೆಲಸವನ್ನು ಮಾಡಿತ್ತು. ಅದನ್ನು ಮಾರಿದ್ದರೆ ಒಳ್ಳೆಯ ಗಂಡನ್ನು ಕಳೆದುಕೊಂಡಂತಾಗುತ್ತಿತ್ತು, ನಿಜವಾದ ಕಾರಣ ಹಂದಿ ಮನೆಯಲ್ಲಿಯೇ ಉಳಿಯುತ್ತಿತ್ತು.

ಆರೋಗ್ಯವಾದ ಹಂದಿಯಲ್ಲಿಯೂ ಮೊದಲ ತಿಂಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 20 ರಿಂದ 30 ಭ್ರೂಣಗಳು ನಷ್ಟವಾಗುತ್ತವೆ. ಇದನ್ನು ಪೂರ್ಣವಾಗಿ ತಡೆಯಲಾಗದು. ಆದರೆ ಹೆಚ್ಚಾಗದಂತೆ ನೋಡಿಕೊಳ್ಳಬಹುದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಕೂಡಿಸಿದ ದಿನಾಂಕವನ್ನು ತಪ್ಪದೆ ಬರೆದಿಡಬೇಕು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿದರೂ ಸಾಕು. ಮತ್ತೆ ಬೆದೆಗೆ ಬಂದ ದಿನವನ್ನೂ ಬರೆಯಬೇಕು. ಈ ಎರಡು ದಿನಾಂಕಗಳಿಲ್ಲದೆ ಪಶುವೈದ್ಯರೂ ಕಾರಣ ಹೇಳಲಾರರು.

2. ಬೆನ್ನು ಒತ್ತಿದಾಗ ಹಂದಿ ಅಲುಗಾಡದೆ ನಿಲ್ಲುವುದು ಸರಿಯಾದ ಬೆದೆಯ ಗುರುತು. ಇದು ಕಂಡ ಸುಮಾರು 12 ಗಂಟೆಗಳ ನಂತರ ಒಮ್ಮೆ, ಮತ್ತೆ 12 ಗಂಟೆ ಬಿಟ್ಟು ಇನ್ನೊಮ್ಮೆ ಕೂಡಿಸಬೇಕು.

3. ಕೂಡಿಸಿದ ಮೂರು ದಿನಗಳ ನಂತರದಿಂದ 28 ದಿನಗಳವರೆಗೆ ಹಂದಿಯನ್ನು ಬೇರೆ ಕಡೆಗೆ ಸಾಗಿಸಬಾರದು, ಪರಿಚಯವಿಲ್ಲದ ಹಂದಿಗಳೊಡನೆ ಬಿಡಬಾರದು. ಕಾದಾಟ, ಓಡಾಟ, ಹೊಡೆತಗಳಿಂದ ಭ್ರೂಣಗಳು ಅಂಟಿಕೊಳ್ಳುವ ಕಾಲದಲ್ಲಿ ನಷ್ಟವಾಗುತ್ತವೆ.

4. ಬಳ್ಳಾರಿ, ಕುರುಗೋಡು ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದುಂಟು. ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಕಲ್ಲುಗುಡ್ಡಗಳ ಮಗ್ಗುಲಿನ ಊರುಗಳಲ್ಲಿ ರಾತ್ರಿಯೂ ಕಾವು ಇಳಿಯುವುದಿಲ್ಲ. ಕೂಡಿಸಿದ ಮೊದಲ ಮೂರು ವಾರ ದಟ್ಟವಾದ ನೆರಳು, ಗಾಳಿ, ದಿನವಿಡೀ ಕುಡಿಯುವ ನೀರು ಇರಬೇಕು. ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಬೇಕು. ತಗಡಿನ ಮಾಡಿನ ಮೇಲೆ ಭತ್ತದ ಹುಲ್ಲು ಹಾಸಬೇಕು.

5. ಬಿಸಿಲಿನ ಹೊಡೆತ ಗಂಡಿಗೂ ತಗಲುತ್ತದೆ. ಕಾವಿಗೆ ಸಿಕ್ಕಿದ ಗಂಡಿನ ವೀರ್ಯ ಮುಂದಿನ ಐದಾರು ವಾರಗಳವರೆಗೂ ದುರ್ಬಲವಾಗಿರಬಹುದು. ಮಳೆಗಾಲದ ಆರಂಭದಲ್ಲಿ ಹಂದಿಗಳು 21ನೆಯ ದಿನಕ್ಕೆ ಮತ್ತೆ ಮತ್ತೆ ಬೆದೆಗೆ ಬಂದರೆ ಈ ಕಾರಣವನ್ನೂ ನೆನೆಯಬೇಕು. ಅಂತಹ ಗಂಡನ್ನು ಮಾರುವ ಮೊದಲು ಎರಡು ತಿಂಗಳು ನೆರಳಿನಲ್ಲಿಟ್ಟು ನೋಡಬೇಕು.

6. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಎಷ್ಟು ಅಗ್ಗವಾಗಿ ಸಿಕ್ಕರೂ ಹಾಕಬಾರದು. ಒಂದು ಜಾತಿಯ ಬೂಷ್ಟು ಜೀರಲೆನೋನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಇದು ಈಸ್ಟ್ರೊಜನ್ನಿನಂತೆ ವರ್ತಿಸುತ್ತದೆ. ಕೂಡಿಸಿದ 7 ರಿಂದ 10 ದಿನಗಳ ನಡುವೆ ಹೊಟ್ಟೆಗೆ ಹೋದರೆ, ಭ್ರೂಣದ ಸಂಕೇತಕ್ಕೆ ಮೊದಲೇ ತಪ್ಪು ಸಂಕೇತ ಹೋಗಿ ಭ್ರೂಣಗಳು ಸಾಯಬಹುದು. ಅಕ್ಕಿ ತೌಡು ಬೇಗ ಕಮಟು ಹಿಡಿಯುವುದರಿಂದ ಗಿರಣಿಯಿಂದ ಸ್ವಲ್ಪ ಸ್ವಲ್ಪವಾಗಿ ತಂದು ಬಳಸಬೇಕು.

7. ಹೋಟೆಲಿನ ಮಿಕ್ಕ ಆಹಾರವನ್ನು ಕನಿಷ್ಠ ಅರ್ಧ ಗಂಟೆ ಕುದಿಸಿ, ಆರಿಸಿ ಹಾಕಬೇಕು. 2020ರಲ್ಲಿ ದೇಶದ ಈಶಾನ್ಯ ರಾಜ್ಯಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಹರಡುವ ಮಾರ್ಗಗಳಲ್ಲಿ ಬೇಯಿಸದ ಎಂಜಲು ಮುಖ್ಯವಾದುದು. ಹಲವು ಹಂದಿಗಳು ಒಮ್ಮೆಲೇ ಸತ್ತರೆ ಮಾಂಸ ಮಾರದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

8. ಸಾಮಾನ್ಯ ಹಂದಿ ಜ್ವರಕ್ಕೆ ಲಸಿಕೆ ಉಂಟು. ಹಳೆಯ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸಿ ತಯಾರಿಸಲಾಗುತ್ತಿತ್ತು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ತಟ್ಟೆಯ ಕೋಶಗಳಲ್ಲಿ ಬೆಳೆಸುವ ಲಸಿಕೆಯನ್ನು ರೂಪಿಸಿದ್ದು, ಅದನ್ನು 2020ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಲಾಯಿತು. ಕೋಶ ಕೃಷಿಯ ವಿದ್ಯೆ ಹಂದಿ ಸಾಕುವವರ ಬಾಗಿಲಿಗೆ ಬಂದಿರುವುದಕ್ಕೆ ಇದೇ ಸಾಕ್ಷಿ. ಗರ್ಭದ ಹಂದಿಗೆ ಲಸಿಕೆ ಹಾಕಿಸುವ ಮೊದಲು ಪಶುವೈದ್ಯರನ್ನು ಕೇಳಬೇಕು.

9. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ರೋಗದಿಂದಲೂ ಗರ್ಭ ನಷ್ಟವಾಗುತ್ತದೆ. ಇದು ಮನುಷ್ಯರಿಗೂ ಅಂಟುತ್ತದೆ. ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ಹಂದಿ ಮನೆಗೆ ಇಲಿಗಳು ಬಾರದಂತೆ, ಗದ್ದೆಯ ನಿಂತ ನೀರನ್ನು ಹಂದಿಗಳು ಕುಡಿಯದಂತೆ ನೋಡಿಕೊಳ್ಳಬೇಕು.

ಹಂದಿಯ ಆಕರ ಕೋಶಗಳು ಇಲಿಯ ಪದ್ಧತಿಗೆ ಒಗ್ಗಲಿಲ್ಲ. ಹಂದಿಯ ಭ್ರೂಣವನ್ನೇ ದಿನದಿನವೂ ನೋಡಿ, ಅದಕ್ಕೆ ಬೇಕಾದುದನ್ನು ಅದು ಕೇಳುವ ದಿನ ಕೊಟ್ಟಾಗಲೇ ಅವು ನಿಂತವು. ಹಂದಿ ಸಾಕುವ ಮನೆಯಲ್ಲಿಯೂ ಹಾಗೆಯೇ, ಕೂಡಿಸಿದ ದಿನದಿಂದ ನಾಲ್ಕು ವಾರ ಲೆಕ್ಕವಿಟ್ಟು ನೆರಳು, ನೀರು, ಒಳ್ಳೆಯ ಮೇವು ಮತ್ತು ನೆಮ್ಮದಿಯನ್ನು ಒದಗಿಸಿದರೆ ಕಣ್ಣಿಗೆ ಕಾಣದೆ ಕಳೆದುಹೋಗುವ ಮರಿಗಳಲ್ಲಿ ಕೆಲವನ್ನಾದರೂ ಉಳಿಸಿಕೊಳ್ಳಬಹುದು. ಹೆಚ್ಚಿನ ಸಲಹೆಗೆ ರೈತರು ದಿನಾಂಕಗಳನ್ನು ಬರೆದ ಪುಸ್ತಕದೊಡನೆ ಹತ್ತಿರದ ಪಶು ಆಸ್ಪತ್ರೆಯನ್ನು ಕಾಣುವುದು ಒಳ್ಳೆಯದು.